ಹೊಸ ಸಿಸ್ಟಮ್ಮಿಗೆ ಡ್ರೈವರ್ ಇರಲಿಲ್ಲ

ಕಳೆದ ವಾರ ನಮ್ಮ ಕಾಲೇಜಿನ ಆಫೀಸಿಗೆ ಒಬ್ಬ ಯುವಕ ಹೆಗಲಿಗೆ ಚೀಲ ಹಾಕಿಕೊಂಡು ಬಂದ. ಚೀಲದೊಳಗಿಂದ ಮಿರಮಿರ ಮಿಂಚುವ ಸಿ.ಡಿ. ಒಂದನ್ನು ತೆಗೆದು, "ಮೇಡಂ, ನಿಮ್ ಕಂಪ್ಯೂಟರ್‌ಗೆ ಒಸಾ ಸಿಸ್ಟಮ್ ಆಕ್ಕೊಟ್ಟೋಯ್ತೀನಿ. ಎಲ್ಲಾ ಫಾಸ್ಟಾಗೋಯ್ತದೆ" ಎಂದ. ನಾನು ನನಗೇ ಗೊತ್ತಾಗದ ಹಾಗೆ ಎದ್ದು ಹೋಗಿ ಅವನಿಗೂ ಕಂಪ್ಯೂಟರಿಗೂ ನಡುವೆ ನಿಂತುಕೊಂಡುಬಿಟ್ಟಿದ್ದೆ. ಕೈ ಬೇರೆ ಸಿ.ಡಿ. ಹಾಕುವ ಬಾಯಿಗೆ ಅಡ್ಡವಾಗಿತ್ತು. ಪ್ರಿನ್ಸಿಪಾಲರು ಕನ್ನಡಕದ ಮೇಲಿಂದ ನೋಡಿ, "ಯಾಕಮ್ಮ, ಏನಾಯ್ತು?" ಎಂದರು. "ಬೇಡ ಸಾರ್. ಓಡ್ತಾ ಇದೆ, ಓಡಲಿ" ಎಂದೆ. ಆ ಹುಡುಗ ನನ್ನನ್ನು ಸೀಮೆಎಣ್ಣೆ ದೀಪ ಹಿಡಿದುಕೊಂಡು ಕರೆಂಟು ಬೇಡ ಎನ್ನುವ ಮುದುಕಿಯನ್ನು ನೋಡುವಂತೆ ನೋಡಿ ಹೊರಟುಹೋದ.

ನೋಡಲಿ. ಅವನಿಗೆ ಹೊಸ ಸಿಸ್ಟಮ್ ಎಂದರೆ ಒಂದು ಸಿ.ಡಿ. ನನಗೆ ಹೊಸ ಸಿಸ್ಟಮ್ ಎಂದರೆ ಹಾಕಿದ ತಟ್ಟೆಯನ್ನು ಬಿಟ್ಟು ಹೊರಟುಹೋದ ನನ್ನ ಸೋದರಮಾವ, ಹೊಸಿಲಲ್ಲಿ ಸೌಟು ಹಿಡಿದುಕೊಂಡು ನಿಂತ ಅವ್ವ, ಮತ್ತು ಎರಡು ಕೈಯನ್ನೂ ಸ್ಟೇರಿಂಗಿನ ಮೇಲೆ ಇಟ್ಟುಕೊಂಡು ಎಲ್ಲಿಗೂ ಹೋಗಲಾರದೆ ಕೂತಿದ್ದ ಅಪ್ಪ.

ಕಂಪ್ಯೂಟರಿನ ಕತೆಯಿಂದಲೇ ಶುರು ಮಾಡುತ್ತೇನೆ. ನಾನು ಕೊಳ್ಳೇಗಾಲದಲ್ಲಿ ಮಕ್ಕಳಿಗೆ ವಾಣಿಜ್ಯಶಾಸ್ತ್ರ ಹೇಳಿಕೊಡುವವಳು. ಪ್ರಶ್ನೆಪತ್ರಿಕೆ ಟೈಪ್ ಮಾಡಬೇಕು ಎಂದು ಮನೆಯಲ್ಲಿ ಹೇಳಿ, ಮೈಸೂರಿನಲ್ಲಿ ಬಿಡಿಬಿಡಿ ಸಾಮಾನು ಕೊಂಡು ಜೋಡಿಸಿದ ಕಂಪ್ಯೂಟರೊಂದನ್ನು ತಂದೆ. ಅದಕ್ಕೆ ಆಟದ ಚಿತ್ರಗಳು ಚೆನ್ನಾಗಿ ಕಾಣಲೆಂದು ಬೇರೆಯದೇ ಒಂದು ಕಾರ್ಡು. ಜೊತೆಗೆ ಮೇಜಿಗೆ ಕಚ್ಚಿಸುವ ಒಂದು ಸ್ಟೇರಿಂಗು, ಕಾಲ ಕೆಳಗೆ ಎರಡು ಪೆಡಲು. ಅವ್ವ ಎಲ್ಲವನ್ನೂ ಒಂದೊಂದಾಗಿ ನೋಡಿ, "ಪ್ರಶ್ನೆಪತ್ರಿಕೆ ಬರೆಯೂಕೆ ಸ್ಟೇರಿಂಗ್ ಯಾಕಮ್ಮಿ?" ಎಂದಳು. ಆಗ ನನಗೆ ಗಂಡು ಹುಡುಕುತ್ತಿದ್ದರು. ನೋಡಲು ಬಂದವರಿಗೆ ಕಾಣದಿರಲಿ ಎಂದು ಅವ್ವ ಆ ಸ್ಟೇರಿಂಗಿನ ಮೇಲೆ ಕಸೂತಿ ಹಾಕಿದ ಬಟ್ಟೆ ಮುಚ್ಚುತ್ತಿದ್ದಳು. ಬಟ್ಟೆಯ ಕೆಳಗೆ ಅದು ಮಡಕೆ ಕವುಚಿಟ್ಟಂತೆ ಕಾಣುತ್ತಿತ್ತು.

ಈ ಚಟಕ್ಕೆ ಮೂಲ ಅಪ್ಪನೇ. ಅಪ್ಪ ಕೊಳ್ಳೇಗಾಲದಿಂದ ಹನೂರು, ರಾಮಾಪುರದ ಮೇಲೆ ಹೂಗ್ಯಂಗೆ ಹೋಗುವ ಖಾಸಗಿ ಬಸ್ಸಿನ ಡ್ರೈವರಾಗಿದ್ದವರು. ಬೇಸಿಗೆ ರಜೆಯಲ್ಲಿ ನನ್ನನ್ನೂ ಕರೆದುಕೊಂಡು ಹೋಗಿ ತಮ್ಮ ಪಕ್ಕದ ಇಂಜಿನ್ ಮುಚ್ಚಳದ ಮೇಲೆ ಗೋಣಿಚೀಲ ಮಡಿಸಿ ಕೂರಿಸುತ್ತಿದ್ದರು. ಹನೂರು ದಾಟುವಷ್ಟರಲ್ಲಿ ಗೋಣಿಚೀಲ ಕಾದು ನಾನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಮಗ್ಗುಲು ಬದಲಿಸುತ್ತಿರಬೇಕಿತ್ತು. ಡೀಸೆಲ್ಲು, ಬೀಡಿ, ಸೀಟಿನ ಕೆಳಗೆ ಕಟ್ಟಿಹಾಕಿದ ಕೋಳಿ, ಯಾರದೋ ಬುಟ್ಟಿಯ ಹುಣಸೆಹಣ್ಣು, ಎಲ್ಲ ಸೇರಿದ ಒಂದು ವಾಸನೆ. ರಾಮಾಪುರ ದಾಟಿದ ಮೇಲೆ ಒಂದು ಕಡೆ ಕಾಡು, ಒಂದು ಕಡೆ ರಾಗಿ ಹೊಲ. ಹಿಂದಿನ ಸೀಟುಗಳಿಂದ ಕನ್ನಡ ತಮಿಳು ಎರಡೂ ಕಲಸಿದ ಮಾತು. ತಿರುವು ಬಂದಾಗ ಅಪ್ಪನ ತೋಳು ಆ ದೊಡ್ಡ ಚಕ್ರವನ್ನು ಬಳಸಿ ಬಳಸಿ ಎಳೆಯುವುದನ್ನು ನೋಡುವುದೇ ನನ್ನ ಕೆಲಸ. ಎಷ್ಟು ಗೋಗರೆದರೂ ಒಂದು ದಿನವೂ ಮುಟ್ಟಲು ಕೊಡಲಿಲ್ಲ. "ಜನ ಅವ್ರೆ ಬಸ್ಸಲ್ಲಿ" ಎನ್ನುವುದು ಅವರ ಒಂದೇ ಮಾತು. ಖಾಲಿ ಬಸ್ಸು ಶೆಡ್ಡಿನಲ್ಲಿ ನಿಂತಿದ್ದಾಗಲೂ ಅದೇ ಮಾತು.

ದೂರದ ಅಕ್ಷರ ಕಾಣುವುದಿಲ್ಲ ಎಂದು ಕಣ್ಣಿನ ಡಾಕ್ಟರು ಹೇಳಿದ ಮೇಲೆ ಅಪ್ಪ ಬಸ್ಸು ಬಿಟ್ಟರು. ಬಿಟ್ಟ ಮೇಲೆ ಜಗುಲಿಯಲ್ಲಿ ಕೂತು ರಸ್ತೆಯಲ್ಲಿ ಹೋಗುವ ಗಾಡಿಗಳ ಗೇರು ಬದಲಾಯಿಸುವ ಸದ್ದು ಕೇಳಿ ಡ್ರೈವರುಗಳನ್ನು ಬೈಯುವುದು ಅವರ ಹೊತ್ತು ಕಳೆಯುವ ದಾರಿಯಾಯಿತು. ಹಾಗಿರುವಾಗ ಒಂದು ದಿನ ನಾನು ಕಂಪ್ಯೂಟರಿನಲ್ಲಿ ಬೆಟ್ಟದ ರಸ್ತೆಯ ಕಾರು ಓಡಿಸುವ ಆಟ ಆಡುತ್ತಾ ಒಂದರ ಹಿಂದೆ ಒಂದು ಬಂಡೆಗೆ ಗುದ್ದುತ್ತಿದ್ದೆ. ಬೆನ್ನ ಹಿಂದೆ ಬಂದು ನಿಂತ ಅಪ್ಪನಿಗೆ ತಡೆದುಕೊಳ್ಳಲಾಗಲಿಲ್ಲ.

"ತಿರುವಲ್ಲಿ ಯಾರಾದ್ರೂ ಅಂಗೆ ಎಳೀತಾರ? ಏಳು ಮ್ಯಾಕೆ."

ಎದ್ದೆ. ಅಪ್ಪ ಪಂಚೆ ಸರಿಮಾಡಿಕೊಂಡು ಕೂತು, ಆ ಪ್ಲಾಸ್ಟಿಕ್ ಸ್ಟೇರಿಂಗನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಹತ್ತಿರದ ಪರದೆ ಅವರಿಗೆ ಚೆನ್ನಾಗಿಯೇ ಕಾಣುತ್ತಿತ್ತು. ಆದರೆ ಆಟ ಆಡಿದ ರೀತಿ ನೋಡಬೇಕಿತ್ತು. ಸ್ಪರ್ಧೆಯ ಕಾರುಗಳು ಹಿಂದಿನಿಂದ ಬಂದರೆ ಎಡಕ್ಕೆ ಸರಿದು, "ಓಗ್ಲಿ ಬುಡು, ಅವ್ರಿಗೇನೋ ಅರ್ಜೆಂಟು" ಎಂದು ದಾರಿ ಬಿಡುತ್ತಿದ್ದರು. ತಿರುವಿಗೆ ಮುಂಚೆಯೇ ಬ್ರೇಕು. ಆರನೆಯವರಾಗಿ, ಅಂದರೆ ಎಲ್ಲರಿಗಿಂತ ಕೊನೆಗೆ, ಗೆರೆ ದಾಟಿ, "ಬಂದ್ವಲ್ಲ, ಒಂದ್ ಗೀರಿಲ್ದೆ" ಎಂದು ಬೆವರು ಒರೆಸಿಕೊಂಡರು. ಅಂದಿನಿಂದ ಜಗುಲಿ ಖಾಲಿ. ನಾನು ಕಾಲೇಜಿಗೆ ಹೋದ ಮೇಲೆ ಕಂಪ್ಯೂಟರು ಅವರದೇ.

ಈಗ ನನ್ನ ಸೋದರಮಾವನನ್ನು ಕರೆತರಬೇಕು. ಅವ್ವನ ಒಬ್ಬನೇ ತಮ್ಮ, ಯಳಂದೂರು ತಾಲ್ಲೂಕಿನ ಅಗರದಲ್ಲಿ ಭತ್ತ, ಕಬ್ಬು ಬೆಳೆಯುವವನು. ಹೆಸರು ಮಾದೇವ. ಟ್ರ್ಯಾಕ್ಟರನ್ನು ಜೀಪಿನ ಹಾಗೆ ಓಡಿಸುವವನು. ಅಪ್ಪನಿಗೂ ಅವನಿಗೂ ಮಾತಿರಲಿಲ್ಲ. ಕಾರಣ ಅವನ ಮದುವೆ.

ಆಗ ನಾನು ಚಿಕ್ಕವಳು. ಹೆಣ್ಣಿನ ಊರು ಹೂಗ್ಯಂ. ಗಂಡಿನ ದಿಬ್ಬಣಕ್ಕೆ ಬಸ್ಸಿನ ಮಾಲೀಕರು ಅಪ್ಪನ ಬಸ್ಸನ್ನೇ ಕೊಟ್ಟಿದ್ದರು, ಅಪ್ಪನೇ ಡ್ರೈವರು. ಅಗರದಲ್ಲಿ ನೆಂಟರನ್ನೆಲ್ಲ ಹತ್ತಿಸಿಕೊಳ್ಳುವಾಗಲೇ ತಡವಾಗಿತ್ತು. ರಾಮಾಪುರ ದಾಟಿದ ಮೇಲೆ ಮಾವ ಪೇಟ, ಬಾಸಿಂಗ ಸಮೇತ ಎದ್ದು ಬಂದು ಅಪ್ಪನ ಹಿಂದೆ ಕಂಬಿ ಹಿಡಿದು ನಿಂತ. "ಬಾವ, ಮುಹೂರ್ತ ಮೀರೋಯ್ತದೆ, ಒಸಿ ತುಳೀರಿ" ಎಂದ. ಅಪ್ಪ, "ಜನ ಅವ್ರೆ ಬಸ್ಸಲ್ಲಿ" ಎಂದರು. ಇನ್ನೂ ಎರಡು ತಿರುವು ಕಳೆದವು. ಮಾವ ಇಡೀ ಬಸ್ಸಿಗೆ ಕೇಳುವಂತೆ, "ಎತ್ತಿನ ಗಾಡೀಲಿ ಬಂದಿದ್ರೂ ಇಷ್ಟೊತ್ಗೆ ತಾಳಿ ಕಟ್ಟಿರ್ತಿದ್ದೆ" ಎಂದ. ಹಿಂದೆ ನೆಂಟರು ನಕ್ಕರು. ನಕ್ಕಿದ್ದೇ ತಪ್ಪಾಯಿತು. ಅಪ್ಪ ಬಸ್ಸು ನಿಲ್ಲಿಸಿ, ಕೆಳಗಿಳಿದು, ಮೋರಿಕಟ್ಟೆಯ ಮೇಲೆ ಕೂತು, "ನೀನೇ ಓಡ್ಸು" ಎಂದರು. ಎಲ್ಲರೂ ಬೇಡಿಕೊಂಡರು. ಅಪ್ಪ ಅಲ್ಲಾಡಲಿಲ್ಲ. ಮದುವೆ ಗಂಡು ರೇಷ್ಮೆ ಪಂಚೆ ಎತ್ತಿ ಕಟ್ಟಿ ಸ್ಟೇರಿಂಗ್ ಹಿಡಿದ. ಹೆಣ್ಣಿನ ಕಡೆಯವರು ಆರತಿ ಹಿಡಿದುಕೊಂಡು ನಿಂತಿದ್ದರೆ, ಗಂಡು ಡ್ರೈವರ್ ಬಾಗಿಲಿನಿಂದ ಧುಮುಕಿತು. ಮುಹೂರ್ತ ತಪ್ಪಲಿಲ್ಲ. ಅಪ್ಪ ಯಾವುದೋ ಲಾರಿ ಹತ್ತಿ ಹಿಂದಿನಿಂದ ಬಂದು, ಊಟಕ್ಕೂ ಕೂರದೆ, ಬಸ್ಸಿನ ಚಕ್ರಗಳನ್ನೆಲ್ಲ ಒಂದು ಸುತ್ತು ನೋಡಿ, ಅದರೊಳಗೇ ಮಲಗಿದರು.

ಅಲ್ಲಿಂದ ಮುಂದೆ ಇಬ್ಬರ ನಡುವೆ ಅವ್ವನೇ ಟಪಾಲು. "ನಿನ್ ತಮ್ಮಂಗೆ ಏಳು" ಎಂದು ಇವರು, "ಬಾವಂಗೆ ಏಳಕ್ಕ" ಎಂದು ಅವನು. ನೆಂಟರ ಮನೆಗಳಲ್ಲಿ ಇಬ್ಬರೂ ಒಂದೇ ಕೋಣೆಯಲ್ಲಿ ಇದ್ದಾಗಲೂ ಹಾಗೆಯೇ. ಅಪ್ಪ ಬಸ್ಸಿನ ಮೇಲೆ ಹೋಗಿರುವ ಹೊತ್ತು ನೋಡಿಕೊಂಡು ಮಾವ ಅಕ್ಕನ ಮನೆಗೆ ಬಂದು ಹೋಗುತ್ತಿದ್ದ. ಅಪ್ಪ ಕೆಲಸ ಬಿಟ್ಟು ಮನೆಯಲ್ಲೇ ಉಳಿದ ಮೇಲೆ ಅದೂ ನಿಂತುಹೋಯಿತು. ಯಳಂದೂರಿನ ಕಡೆಯಿಂದ ಟ್ರ್ಯಾಕ್ಟರು ಬಂದ ಸದ್ದಾದರೆ ಅವ್ವ ಕೈಯಲ್ಲಿದ್ದ ಕೆಲಸ ಬಿಟ್ಟು ಬಾಗಿಲಿಗೆ ಬರುತ್ತಿದ್ದಳು.

ಒಂದು ಭಾನುವಾರ ನಿಜಕ್ಕೂ ಮಾವನೇ ಬಂದ. ಟ್ರ್ಯಾಕ್ಟರಿನ ಯಾವುದೋ ಸಾಮಾನಿಗೆ ಕೊಳ್ಳೇಗಾಲಕ್ಕೆ ಬಂದವನು, ಅಂಗಡಿ ತೆಗೆಯುವುದು ತಡ ಎಂದು ಅಕ್ಕನನ್ನು ಮಾತಾಡಿಸಿ ಹೋಗಲು ಹೆದರಿ ಹೆದರಿ ಹೊಕ್ಕ. ಅಪ್ಪ ಕಂಪ್ಯೂಟರಿನ ಮುಂದೆ ಕೂತು ಅದೇ ಬೆಟ್ಟ ಹತ್ತಿಸುತ್ತಿದ್ದರು. ಮಾವ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತು ನೋಡಿದ. ಕಾಫಿ ಆರಿತು. ಕೊನೆಗೆ ನನ್ನ ಕಡೆ ತಿರುಗಿ, "ಕೂಸೇ, ಅದು ಆಟ ತಾನೆ? ಬಿದ್ರೆ ಸಾಯಕ್ಕಿಲ್ಲ ತಾನೆ?" ಎಂದ. ಇಲ್ಲ ಎಂದೆ. "ಮತ್ಯಾಕೆ ಆ ಪಾಟಿ ಬ್ರೇಕು?"

ಅಪ್ಪ ಎದ್ದು ಕುರ್ಚಿ ಬಿಟ್ಟುಕೊಟ್ಟರು. ಇನ್ನೊಂದು ಮದುವೆ ದಿಬ್ಬಣ ಆಗುತ್ತದೆ ಎಂದುಕೊಂಡೆ. ಮಾವ ಕೂತವನೇ ಎರಡು ಸಲ ಕಣಿವೆಗೆ ಬಿದ್ದ. ಮೂರನೆಯ ಸಲ ಎಲ್ಲ ಕಾರುಗಳನ್ನೂ ಹಿಂದೆ ಹಾಕಿ ಬಂದ. ಪರದೆ ಅವನ ಹೆಸರು ಕೇಳಿತು. ನಾನು ಇಂಗ್ಲಿಷ್ ಅಕ್ಷರದಲ್ಲಿ ಮಾದೇವ ಎಂದು ಹೊಡೆದೆ. ಹೆಸರು ಹೋಗಿ ಎಲ್ಲರಿಗಿಂತ ಮೇಲೆ ಕೂತಿತು. ನನ್ನದು ಎರಡನೆಯದು, ಅಪ್ಪನದು ಅದರ ಕೆಳಗೆ ಎಲ್ಲೋ.

ಮುಂದಿನ ಭಾನುವಾರವೂ ಮಾವ ಬಂದ. ಅದರ ಮುಂದಿನ ಭಾನುವಾರವೂ. ಟ್ರ್ಯಾಕ್ಟರಿಗೆ ಅಷ್ಟೊಂದು ಸಾಮಾನು ಬೇಕಾಗುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಕೇಳಲಿಲ್ಲ. ಬಂದವನು ಮೊದಲು ಮೇಲಿರುವುದು ತನ್ನ ಹೆಸರೇ ಎಂದು ನೋಡಿಕೊಳ್ಳುತ್ತಿದ್ದ. ಆಮೇಲೆ ಇಬ್ಬರೂ ಸರದಿಯ ಮೇಲೆ ಓಡಿಸುವರು. ಮಾತಿಲ್ಲ. "ನಿನ್ ತಮ್ಮಂಗೆ ಏಳು, ಗೇರು ಇಳ್ಸಿ ತಿರುಗ್ಸು ಅಂತ." ಅವ್ವ ಹಿಟ್ಟಿನ ಕೈಯಲ್ಲೇ ಅಡುಗೆಮನೆಯಿಂದ ಬಂದು, "ಗೇರು ಇಳ್ಸಿ ತಿರುಗ್ಸಬೇಕಂತೆ ಕಣೋ" ಎನ್ನುವಳು. "ಬಾವಂಗೆ ಏಳಕ್ಕ, ಇದ್ರಲ್ಲಿ ಗೇರು ಅದೇ ಬಿದ್ಕತದೆ ಅಂತ." ಅವಳಿಗೆ ಗೇರು ಯಾವುದೋ, ತಿರುವು ಯಾವುದೋ. ಆದರೂ ಭಾನುವಾರ ಬಂದರೆ ಎರಡು ಬಗೆಯ ಪಲ್ಯ ಮಾಡುವಳು. ತಮ್ಮ ಉಂಡು ಹೋದ ತಟ್ಟೆಯನ್ನು ಎತ್ತುವಾಗ ಅವಳ ಮುಖ ನೋಡಿದ್ದರೆ ಆ ಆಟ ಮಾಡಿದವನಿಗೆ ನೀವೇ ಒಂದು ಶಾಲು ಹೊದಿಸುತ್ತಿದ್ದಿರಿ.

ಇಷ್ಟು ಚೆನ್ನಾಗಿ ನಡೆಯುತ್ತಿದ್ದ ಗಾಡಿಯ ಇಂಜಿನ್ನನ್ನು ನಾನು ಬಿಚ್ಚಿದೆ.

ಏಕೆ ಎಂದರೆ, ನನ್ನ ಜೊತೆಯ ಲೆಕ್ಚರರ್ ಒಬ್ಬರ ಮನೆಯಲ್ಲಿ ಹೊಸ ಸಿಸ್ಟಮ್ ನೋಡಿ ಬಂದಿದ್ದೆ. ಕಂಪ್ಯೂಟರಿನ ಉಳಿದೆಲ್ಲ ಕೆಲಸಗಳೂ ಅದರ ಬೆನ್ನ ಮೇಲೆ ಕೂತಿರುತ್ತವಲ್ಲ, ಆ ಮೂಲ ಸಾಫ್ಟ್‌ವೇರ್. ಅವರ ಪರದೆಯ ಮೇಲೆ ಹಸಿರು ದಿನ್ನೆ, ನೀಲಿ ಆಕಾಶ, ಹತ್ತಿಯಂಥ ಮೋಡ. ನನ್ನದರಲ್ಲಿ ಬರೀ ಬೂದು. ಅಷ್ಟೇ ಕಾರಣ, ಬೇರೆ ಇಲ್ಲ. ಬಸ್‌ಸ್ಟ್ಯಾಂಡ್ ಹತ್ತಿರ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ ನಾಗೇಂದ್ರ ಒಂದು ಶನಿವಾರ ಮಧ್ಯಾಹ್ನ ಮನೆಗೆ ಬಂದ. "ಮೇಡಂ, ಅಳೇದನ್ನೆಲ್ಲ ಒರೆಸಿ ಆಕುದ್ರೆ ನೀಟಾಗಿ ಕೂತ್ಕತದೆ" ಎಂದ. ಪ್ರಶ್ನೆಪತ್ರಿಕೆಗಳನ್ನು ಮಾತ್ರ ಬೇರೆ ಕಡೆ ಎತ್ತಿಟ್ಟು ಉಳಿದದ್ದನ್ನು ಒರೆಸಿದ. ಆಟದ ಸಿ.ಡಿ. ಇದೆಯಲ್ಲ, ಮತ್ತೆ ಹಾಕಿಕೊಂಡರಾಯಿತು ಎಂದು ನಾನೂ ಸುಮ್ಮನಿದ್ದೆ. ಆಟದ ಜೊತೆಗೆ ಅದರೊಳಗಿನ ಹೆಸರುಗಳೂ ಒರೆಸಿಹೋಗುತ್ತವೆ ಎಂಬುದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಹಸಿರು ದಿನ್ನೆ ಬಂತು. ಅದನ್ನು ಬಿಟ್ಟು ಬೇರೇನೂ ಬರಲಿಲ್ಲ. ಸ್ವಿಚ್ಚು ಹಾಕಿ ಸ್ನಾನಕ್ಕೆ ಹೋಗಿ ಬಂದರೂ ಕಂಪ್ಯೂಟರು ಇನ್ನೂ ಏಳುತ್ತಲೇ ಇರುತ್ತಿತ್ತು. ಹೊಸದಕ್ಕೆ ಬೇಕಾದಷ್ಟು ಮೆಮೊರಿ ನನ್ನ ಯಂತ್ರದಲ್ಲಿ ಇಲ್ಲವಂತೆ. ಇದನ್ನು ನಾಗೇಂದ್ರ ಹಾಕಿದ ಮೇಲೆ ಹೇಳಿದ. ಸ್ಪೀಕರು ಮೂಗಾಯಿತು. ಪ್ರಶ್ನೆಪತ್ರಿಕೆ ತೆರೆದರೆ ಕನ್ನಡವೆಲ್ಲ ಕೊಂಬು, ಬಾಲ, ಚುಕ್ಕಿ ಮೂಡಿದ ಇಂಗ್ಲಿಷ್ ಅಕ್ಷರಗಳಾಗಿ, ಲಾಭನಷ್ಟದ ಪ್ರಶ್ನೆ ಮಾಟದ ಯಂತ್ರದ ಹಾಗೆ ಕಾಣುತ್ತಿತ್ತು. ಆಟ ಹಾಕಿದರೆ ಪರದೆ ಒಮ್ಮೆ ಕಪ್ಪಾಗಿ, ಕಣ್ಣು ಮಿಟುಕಿಸಿ, ಮತ್ತೆ ಅದೇ ದಿನ್ನೆ. ನಾಗೇಂದ್ರ ಏನೇನೋ ಒತ್ತಿ, ಹೇಗೋ ಆಟವನ್ನು ತೆರೆದ. ಅಪ್ಪ ಕೂತರು. ಸ್ಟೇರಿಂಗನ್ನು ಪೂರ್ತಿ ಎಡಕ್ಕೆ ತಿರುಗಿಸಿದರು. ಕಾರು ಅಲ್ಲಾಡದೆ ನಿಂತಿತ್ತು. ಬಲಕ್ಕೆ ತಿರುಗಿಸಿದರು. ಅದೇ.

"ಮೇಡಂ, ಇದ್ಕೆ ಡ್ರೈವರ್ ಇಲ್ಲ" ಎಂದ ನಾಗೇಂದ್ರ.

"ಯಾರಿಲ್ಲ?" ಎಂದರು ಅಪ್ಪ.

"ಡ್ರೈವರ್ ಸಾ. ಸ್ಟೇರಿಂಗು ಅಳೇದು. ಒಸಾ ಸಿಸ್ಟಮ್‌ನಲ್ಲಿ ಇದ್ಕೆ ಡ್ರೈವರ್ ಸಿಕ್ತಿಲ್ಲ."

"ನಾನು ಮತ್ತೇನಪ್ಪ ಇಲ್ಲಿ ಕೂತಿರದು, ಕಂಡಕ್ಟರಾ?"

ಡ್ರೈವರ್ ಎಂದರೆ ಯಂತ್ರಕ್ಕೂ ಸಾಮಾನಿಗೂ ನಡುವೆ ಮಾತು ತಲುಪಿಸುವ ಒಂದು ಸಾಫ್ಟ್‌ವೇರು ಎಂದು ನಾನು ವಿವರಿಸಿದೆ. ಅಪ್ಪ ಕೇಳಿಸಿಕೊಂಡು, "ಓಡ್ತಿದ್ದ ಗಾಡಿನ ಯಾಕೆ ಬಿಚ್ಚಿಸ್ದೆ ಮಗಾ?" ಎಂದಷ್ಟೇ ಕೇಳಿದರು. ನಾನು ಹಸಿರು ದಿನ್ನೆಯ ಕಡೆ ನೋಡಿದೆ.

ಮಾರನೆಯ ದಿನ ಭಾನುವಾರ. ಮಾವ ಬಂದ. ಅವ್ವ ಆಗಲೇ ತಟ್ಟೆ ಹಾಕಿದ್ದಳು. ಊಟಕ್ಕೆ ಕೂರುವ ಮುಂಚೆ ಹೆಸರು ನೋಡೋಣ ಎಂದು, ನಾಗೇಂದ್ರ ತೆರೆದಿಟ್ಟು ಹೋದ ಆಟ ಹಾಗೇ ಇದ್ದ ಪರದೆಯ ಮುಂದೆ ನಿಂತ. ನಾನು ಎಲ್ಲ ವಿವರಿಸಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವನು ಹೆಸರುಗಳ ಪುಟ ತೆರೆದಿದ್ದ. ಮೇಲಿನಿಂದ ಕೆಳಗಿನವರೆಗೆ ಖಾಲಿ ಗೆರೆಗಳು.

"ನನ್ ಎಸ್ರು ಎಲ್ಲಿ?"

"ಹೊಸ ಸಿಸ್ಟಮ್ ಹಾಕಿಸಿದೆ ಮಾವ. ಅದರಲ್ಲಿ ಹಳೆಯದೆಲ್ಲ…"

ಅವನು ನನ್ನ ಮಾತು ಕೇಳುತ್ತಿರಲಿಲ್ಲ. ಅಪ್ಪನನ್ನು ನೋಡುತ್ತಿದ್ದ. ಆಮೇಲೆ ಅವ್ವನಿಗೆ ಹೇಳಿದ. "ಅಕ್ಕ, ಬಾವಂಗೆ ಗೆಲ್ಲೂಕೆ ಆಗ್ನಿಲ್ಲ. ಅದ್ಕೆ ಮಗಳ ಕೈಲಿ ಅಳಿಸಿ ಆಕ್ಸವ್ರೆ. ಸಲೇಟು ಒರೆಸ್ದಂಗೆ."

ಅವ್ವ ಮಾತನ್ನು ದಾಟಿಸಲಿಲ್ಲ. ದಾಟಿಸುವ ಅಗತ್ಯವೂ ಇರಲಿಲ್ಲ. ಅಪ್ಪನ ಮುಖ ಕಪ್ಪಿಟ್ಟಿತ್ತು. "ನಿನ್ ತಮ್ಮಂಗೆ ಏಳು" ಎಂದು ಶುರು ಮಾಡಿದರು. ಅಷ್ಟರಲ್ಲಿ ಮಾವ ಚಪ್ಪಲಿ ಮೆಟ್ಟಿಕೊಂಡ. ಅವ್ವ ಸೌಟು ಹಿಡಿದುಕೊಂಡೇ ಹೊಸಿಲಿನವರೆಗೆ ಹೋಗಿ, "ಉಂಡಾದ್ರೂ ಓಗೋ" ಎಂದಳು. ಟ್ರ್ಯಾಕ್ಟರು ಸ್ಟಾರ್ಟಾಯಿತು. ಅಪ್ಪ ಆ ಸದ್ದಿನ ಗೇರಿಗೆ ಅಂದು ಏನೂ ಬೈಯಲಿಲ್ಲ.

ಆ ಮೇಲಿನ ಭಾನುವಾರಗಳು ಹೇಗಿದ್ದವು ಎಂದು ಬರೆಯಲು ಬೇಸರ. ಅವ್ವ ಒಂದೇ ಪಲ್ಯ ಮಾಡಿದಳು. ನನ್ನ ಮೇಲೆ ಕೂಗಾಡಿದ್ದರೆ ಹಗುರಾಗುತ್ತಿದ್ದೆ. ಅವಳು ಕಂಪ್ಯೂಟರಿನ ಪರದೆಯ ಧೂಳು ಒರೆಸುವಾಗ ಆ ಹಸಿರು ದಿನ್ನೆಯನ್ನು ಒಮ್ಮೆ ನೋಡಿ, "ಇದ್ಕಾ ಅಷ್ಟೆಲ್ಲ ಮಾಡಿದ್ದು?" ಎಂದಳು. ಅಷ್ಟೇ. ಒಂದೆರಡು ಸಲ ನಾನೇ ಅಗರಕ್ಕೆ ಹೋಗಿ ಮಾವನಿಗೆ ವಿವರಿಸಲು ನೋಡಿದೆ. "ನೀನು ಓದ್ದವ್ಳು ಕೂಸೇ, ಎಂಗ್ ಬೇಕಾದ್ರೂ ಏಳ್ತೀಯ" ಎಂದು ನೀರು ಕಟ್ಟಲು ಗದ್ದೆಗೆ ಹೊರಟ. ನಾಗೇಂದ್ರನನ್ನು ಹಳೆಯ ಸಿಸ್ಟಮ್ಮನ್ನೇ ಮತ್ತೆ ಹಾಕು ಎಂದರೆ ಅವನು ನಕ್ಕ. "ಯಾರೂ ಇಂದಕ್ಕೆ ಓಗಲ್ಲ ಮೇಡಂ" ಎಂದ. ನಾನು ಹೋಗುತ್ತೇನೆ ಎಂದೆ. ಹಳೆಯ ಸಿಸ್ಟಮ್ಮಿನ ಸಿ.ಡಿ.ಯನ್ನು ಅವನು ಯಾರಿಗೋ ಕೊಟ್ಟಿದ್ದ, ಆ ಯಾರೋ ಅದನ್ನು ಗೀರಿ ಹಾಳು ಮಾಡಿದ್ದ. ಕೊನೆಗೆ ನಾನೇ ಮೈಸೂರಿಗೆ ಹೋಗಿ ಕಂಪ್ಯೂಟರು ಜೋಡಿಸಿಕೊಟ್ಟವನ ಕೈಕಾಲು ಹಿಡಿದು ಇನ್ನೊಂದು ತಂದೆ. ಮತ್ತೆ ಎಲ್ಲ ಒರೆಸಿ, ಮತ್ತೆ ಹಾಕಿ, ಬೂದು ಪರದೆ ಬಂದಾಗ ನಾನು ಅದನ್ನು ಕಂಡು ಅಷ್ಟು ಸಂತೋಷ ಪಡುತ್ತೇನೆ ಎಂದು ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ. ಸ್ಪೀಕರು ಉಸಿರಾಡಿತು. ಲಾಭನಷ್ಟ ಕನ್ನಡಕ್ಕೆ ಮರಳಿತು. ಸ್ಟೇರಿಂಗು ತಿರುಗಿಸಿದರೆ ಕಾರು ತಿರುಗಿತು. ಹೆಸರುಗಳು ಮಾತ್ರ ಬರಲಿಲ್ಲ, ಬರುವಂತೆಯೂ ಇರಲಿಲ್ಲ.

ಅದಾದ ಕೆಲವು ದಿನಕ್ಕೆ ಕಾಲೇಜು ಬೇಗ ಬಿಟ್ಟು ನಾನು ಮಧ್ಯಾಹ್ನವೇ ಮನೆಗೆ ಬಂದೆ. ಒಳಗಿನಿಂದ ಟಯರು ಕಿರುಚುವ ಸದ್ದು. ಅಪ್ಪ ಓಡಿಸುವಾಗ ಟಯರು ಕಿರುಚಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಮಾವ ಬಂದನೇ ಎಂದು ಓಡಿಹೋಗಿ ನೋಡಿದರೆ ಅಪ್ಪನೇ. ಬನಿಯನ್ನು ಬೆನ್ನಿಗೆ ಅಂಟಿತ್ತು. ಕಾರು ತಿರುವಿನಲ್ಲಿ ಹಾರಿ ಕಣಿವೆಗೆ ಬಿದ್ದು ಮಗುಚಿಕೊಂಡಿತು. ಅಪ್ಪ ಒಂದು ಕ್ಷಣ ಕಣ್ಣು ಮುಚ್ಚಿ, ಮತ್ತೆ ಮೊದಲಿನಿಂದ ಶುರು ಮಾಡಿದರು. ಮುಂಚೆಯೇ ಬರೆದಿಟ್ಟರೆ ಪರದೆಯ ಮೂಲೆಯಲ್ಲಿ ಡ್ರೈವರಿನ ಹೆಸರು ಇರುತ್ತಿತ್ತು. ಅಲ್ಲಿ ಮಾದೇವ ಎಂದು ಇಂಗ್ಲಿಷಿನಲ್ಲಿತ್ತು. ಒಂದು ಅಕ್ಷರ ತಪ್ಪು. ಅಪ್ಪನಿಗೆ ಬರುತ್ತಿದ್ದ ಇಂಗ್ಲಿಷ್ ಗಾಡಿಗಳ ನಂಬರ್ ಪ್ಲೇಟಿನಷ್ಟೇ.

"ಏನಪ್ಪ ಇದು, ಮಾವನ ಹೆಸರಲ್ಲಿ ಓಡಿಸ್ತಾ ಇದ್ದೀಯ?"

"ಅವ್ನ ಎಸ್ರು ಮ್ಯಾಲಿತ್ತು. ಮ್ಯಾಲಿರ್ಬೇಕು."

"ಅದಕ್ಯಾಕೆ ಇಷ್ಟು ಕಷ್ಟ? ಎಲ್ಲ ಖಾಲಿ ಇದೆಯಲ್ಲ. ನೀನು ಮೆಲ್ಲಗೆ ಓಡಿಸಿದರೂ ಅವನ ಹೆಸರು ಮೇಲೆಯೇ ಬರುತ್ತೆ."

"ಅದು ಮೋಸ ಆಯ್ತದೆ. ಅವ್ನು ಓಡ್ಸಿದ್ದ ಟೈಮ್ ನಂಗೊತ್ತು. ಆ ಟೈಮೇ ಬರ್ಬೇಕು."

ಆ ಟೈಮು ಅಪ್ಪನಿಗೆ ಬಾಯಿಪಾಠವಾಗಿತ್ತು. ಆದರೆ ಅದು ಬರಬೇಕಾದರೆ ಮಾವನ ಹಾಗೆ ಓಡಿಸಬೇಕು. ಜೀವಮಾನವೆಲ್ಲ ಯಾವುದನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲವೋ ಅದನ್ನೇ ಮಾಡಬೇಕು. ತಿರುವು ಹತ್ತಿರ ಬಂದಂತೆ ಅವರ ಕಾಲು ತಾನಾಗಿ ಬ್ರೇಕಿಗೆ ಹೋಗುತ್ತಿತ್ತು. ಹೋದಾಗಲೆಲ್ಲ ಅವರೇ ಅದಕ್ಕೆ ಬೈಯುವರು. ನಾನು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತು, "ಬಿಡಬೇಡ, ತುಳಿ, ತುಳಿ" ಎಂದು ಕೂಗತೊಡಗಿದೆ. ಅಪ್ಪ ಪರದೆಯಿಂದ ಕಣ್ಣು ತೆಗೆಯದೆ ತಮ್ಮಷ್ಟಕ್ಕೇ ಹೇಳಿಕೊಳ್ಳುತ್ತಿದ್ದರು. "ಜನ ಇಲ್ಲ ಬಸ್ಸಲ್ಲಿ. ಯಾರೂ ಇಲ್ಲ. ಜನ ಇಲ್ಲ."

ಅಂದು ಆಗಲಿಲ್ಲ. ಮಾರನೆಯ ದಿನವೂ ಇಲ್ಲ. ಅವರಿಗೂ ರೇಗಿತು, ನನಗೂ ರೇಗಿತು. ಒಂದು ಸಲ ಪೆಡಲನ್ನೇ ಒದ್ದು ಎದ್ದು ಹೋಗಿ ಜಗುಲಿಯಲ್ಲಿ ಕೂತರು. ಆಮೇಲೆ ತಾವೇ ಬಂದು ಕೂತರು. ಎಷ್ಟು ಕಾರು ಕಣಿವೆಗೆ ಹೋದವೋ. ಕೊನೆಗೆ ಒಂದು ಸಂಜೆ ನಾನು ಕಾಲೇಜಿನಿಂದ ಬಂದಾಗ ಅಪ್ಪ ಕೈಕಟ್ಟಿ ಸುಮ್ಮನೆ ಕೂತಿದ್ದರು. ಹೆಸರುಗಳ ಪುಟ ತೆರೆದಿತ್ತು. ತಪ್ಪು ಅಕ್ಷರದ ಮಾದೇವ ಎಲ್ಲರಿಗಿಂತ ಮೇಲೆ, ಪಕ್ಕದಲ್ಲಿ ಆ ಟೈಮು, ಇನ್ನೇನು ಕೂದಲೆಳೆಯಷ್ಟು ಆಚೀಚೆ. ಅಪ್ಪ ಅವ್ವನನ್ನು ಕರೆದು, "ನಿನ್ ತಮ್ಮಂಗೆ ಏಳು, ಅವ್ನ ಎಸ್ರು ಇದ್ದಂಗೇ ಅದೆ ಅಂತ" ಎಂದರು.

ಅವ್ವ ಹೇಳಿ ಕಳಿಸಲಿಲ್ಲ. ತಾನೇ ಯಳಂದೂರು ಬಸ್ಸು ಹತ್ತಿದಳು. ಅಗರದಲ್ಲಿ ಏನು ಮಾತಾಡಿದಳೋ ನನಗೆ ಇವತ್ತಿಗೂ ಹೇಳಿಲ್ಲ. ಭಾನುವಾರ ಟ್ರ್ಯಾಕ್ಟರು ಬಾಗಿಲಿಗೆ ಬಂತು. ಮಾವ ಒಳಗೆ ಬಂದವನು ನಮ್ಮ ಯಾರ ಮುಖವನ್ನೂ ನೋಡದೆ ಪರದೆಯ ಮುಂದೆ ನಿಂತ. ಹೆಸರು ನೋಡಿದ. ಟೈಮು ನೋಡಿದ. ಹುಬ್ಬು ಗಂಟಿಕ್ಕಿದ. ಕೂತು ಓಡಿಸಲು ಶುರು ಮಾಡಿದ.

ಆ ಆಟದಲ್ಲಿ ಒಂದು ವಿಶೇಷವಿತ್ತು. ಯಾರ ಓಟ ಎಲ್ಲರಿಗಿಂತ ಮೇಲಿದೆಯೋ ಅದನ್ನು ಅದು ಹಾಗೇ ನೆನಪಿಟ್ಟುಕೊಂಡು, ಮುಂದಿನವರು ಓಡಿಸುವಾಗ ಹೊಗೆಯಂಥ ಒಂದು ಕಾರಿನ ರೂಪದಲ್ಲಿ ಅದನ್ನು ಜೊತೆಯಲ್ಲೇ ಓಡಿಸುತ್ತಿತ್ತು. ಮಾವನ ಕಾರಿನ ಪಕ್ಕದಲ್ಲಿ ಈಗ ಅವನ ಹೆಸರಿನ ಹೊಗೆಕಾರು ಓಡುತ್ತಿತ್ತು. ಮೊದಲ ತಿರುವಿನಲ್ಲಿ ಅದು ಚೂರು ತಡೆದು, ರಸ್ತೆಯ ಎಡ ಅಂಚಿಗೆ ಅಂಟಿಕೊಂಡು ತಿರುಗಿತು. ಎರಡನೆಯದರಲ್ಲೂ ಹಾಗೆಯೇ. ಇಡೀ ರಸ್ತೆ ಖಾಲಿ ಬಿದ್ದಿದ್ದರೂ ಎದುರಿಂದ ಯಾವುದೋ ಗಾಡಿ ಬರಬಹುದು ಎನ್ನುವಂತೆ ಅರ್ಧ ರಸ್ತೆ ಬಿಟ್ಟು ಹೋಗುತ್ತಿತ್ತು. ಮಾವನ ಕಾಲು ಪೆಡಲಿನ ಮೇಲೆ ಸಡಿಲವಾಯಿತು. ಅವನು ಈಗ ಓಡಿಸುತ್ತಿರಲಿಲ್ಲ, ನೋಡುತ್ತಿದ್ದ. ಕೊನೆಯ ದೊಡ್ಡ ತಿರುವು ಬಂತು. ಆ ಕಾರು ಎಡ ಅಂಚನ್ನು ಬಿಟ್ಟು, ಒಂದಿಷ್ಟೂ ತಡೆಯದೆ, ಕಣಿವೆಯ ಬಾಯಿಯಲ್ಲೇ ಜಾರಿಕೊಂಡು ಹೋಗಿ ಗೆರೆ ದಾಟಿತು. ಮಾವನ ಕಾರು ಬಹಳ ಹಿಂದೆ ರಸ್ತೆಯ ಪಕ್ಕ ನಿಂತಿತ್ತು.

ಅವನು ಸ್ಟೇರಿಂಗಿನಿಂದ ಕೈ ತೆಗೆದ. ಆಮೇಲೆ ಕುರ್ಚಿಯನ್ನು ತಿರುಗಿಸಿದ.

"ಬಾವ" ಎಂದ. "ಕೊನೇ ತಿರುವ್ನಲ್ಲಿ ಬ್ರೇಕೇ ಮುಟ್ನಿಲ್ವಲ್ಲ ನೀವು."

ಅಪ್ಪ ಕಿಟಕಿಯ ಕಡೆ ನೋಡುತ್ತಿದ್ದರು. "ಮುಟ್ಟುದ್ರೆ ನಿನ್ ಟೈಮ್ ಬರ್ತಿರ್ನಿಲ್ಲ" ಎಂದರು.

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅವ್ವ ಅಭ್ಯಾಸಬಲದಿಂದ ಮಾವನ ಕಡೆ ತಿರುಗಿ, "ಮುಟ್ಟುದ್ರೆ ನಿನ್ ಟೈಮ್ ಬರ್ತಿರ್ನಿಲ್ವಂತೆ" ಎಂದಳು.

"ಕೇಳುಸ್ತು ಕಣಕ್ಕ" ಎಂದ ಮಾವ.

ಅವ್ವ ಅಲ್ಲೇ ನಿಂತಳು. ದಾಟಿಸಲು ಇನ್ನೇನಾದರೂ ಇದೆಯೇ ಎಂದು ಒಮ್ಮೆ ಇವರನ್ನು, ಒಮ್ಮೆ ಅವನನ್ನು ನೋಡಿದಳು. ಇರಲಿಲ್ಲ. ಅವರಿಬ್ಬರೂ ಆಗಲೇ ಆ ತಿರುವಿನ ಬಗ್ಗೆ ನೇರವಾಗಿ ಜಗಳಕ್ಕೆ ಬಿದ್ದಿದ್ದರು. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು. ಒಳಗಿನಿಂದ ಅನ್ನಕ್ಕೆ ಇನ್ನಷ್ಟು ಅಕ್ಕಿ ತೊಳೆಯುವ ಸದ್ದು ಕೇಳಿಸಿತು. ನಾನು ಸೋಮವಾರದ ಪ್ರಶ್ನೆಪತ್ರಿಕೆ ಟೈಪ್ ಮಾಡಬೇಕಿತ್ತು. ಕತ್ತಲಾಗುವವರೆಗೂ ಇಬ್ಬರಲ್ಲಿ ಒಬ್ಬರೂ ಕುರ್ಚಿ ಬಿಡಲಿಲ್ಲ.